ಚಾರ್ಜಿಗಿಟ್ಟ ಬ್ಯಾಟರಿ

ಗ್ಯಾರೇಜಿನ ಶಟರ್ ಕೆಳಗಿಳಿಯುವ ಸದ್ದು ಕೇಳಿಸಿದಾಗ ಅವಳು ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ನಿಂತಿದ್ದಳು. ಅರ್ಧಕ್ಕೆ ನಿಲ್ಲಬಹುದು ಎಂದುಕೊಂಡಳು. ನಿಲ್ಲಲಿಲ್ಲ. ತಗಡು ಪೂರ್ತಿ ಕೆಳಗೆ ಬಂದು ನೆಲಕ್ಕೆ ತಾಗಿತು, ಆಮೇಲೆ ಚಿಲಕ ಬಿದ್ದದ್ದೂ ಕೇಳಿಸಿತು. ಈ ಮನೆಯಲ್ಲಿ ಬ್ಯಾಟರಿ ಚಾರ್ಜಿಗಿಟ್ಟ ಹೊತ್ತಿನಲ್ಲಿ ಆ ಶಟರ್ ಮುಚ್ಚಿದ್ದನ್ನು ಅವಳು ಒಂದು ಸಲವೂ ಕಂಡಿರಲಿಲ್ಲ. ಚಳಿಯಿರಲಿ, ಗಾಳಿಯಿರಲಿ, ಮನೆಯಲ್ಲಿ ಯಾರೋ ಜ್ವರ ಬಂದು ಹೊದ್ದು ಮಲಗಿರಲಿ, ಅದು ಬಾಯಿ ತೆರೆದುಕೊಂಡೇ ಇರಬೇಕಿತ್ತು. ಹೋಗಿ ಒಂದು ಮಾತು ಹೇಳಿದರಾಯಿತು. ರೀ, ಅದನ್ನ ತೆರೆದಿಡಿ. ಇಷ್ಟೇ. ಆದರೆ ಆ ಮಾತು ಒಂಟಿಯಾಗಿ ಬರುವುದಿಲ್ಲ, ತನ್ನ ಹಿಂದೆ ಇನ್ನೊಬ್ಬನನ್ನು ಕರೆದುಕೊಂಡೇ ಬರುತ್ತದೆ. ಯಾರು ಹೇಳಿದ್ದು ನಿನಗೆ ಎಂದು ಇವರು ಕೇಳಿದರೂ ಕಷ್ಟ, ಕೇಳದಿದ್ದರೆ ಇನ್ನೂ ಕಷ್ಟ. ಕೇಳುವವರೂ ಅಲ್ಲ ಇವರು. ಸುಮ್ಮನೆ ತಲೆಯಾಡಿಸಿ, ಜಾರಿದ ಕನ್ನಡಕವನ್ನು ಬೆರಳಿನಿಂದ ಮೇಲಕ್ಕೆ ದೂಡಿ, ಹೇಳಿದ ಹಾಗೆ ಮಾಡಿಬಿಡುತ್ತಾರೆ. ಆಮೇಲೆ ಇಡೀ ದಿನ ಆ ತಲೆಯಾಟ ಮನೆಯ ತುಂಬ ಓಡಾಡುತ್ತಿರುತ್ತದೆ. ಅವಳು ಇನ್ನೊಂದು ಎಸಳು ಸುಲಿದಳು.

ಅವಳ ಮನಸ್ಸಿನೊಳಗೆ ತೀರಿಕೊಂಡ ಗಂಡ 'ಅವನು', ಈಗಿನ ಗಂಡ 'ಇವರು'. ಕುಳಿತು ಯೋಚಿಸಿ ಇಟ್ಟುಕೊಂಡದ್ದಲ್ಲ. ಅವನು ಸೋದರತ್ತೆಯ ಮಗ, ಚಿಕ್ಕಂದಿನಿಂದ ಬಾ ಹೋಗು ಎಂದೇ ಬೆಳೆದವರು, ಮದುವೆಯಾದ ಮೇಲೂ ಅದು ಬದಲಾಗಲಿಲ್ಲ. ಇವರು ನಡುವಯಸ್ಸು ದಾಟುವ ಹೊತ್ತಿಗೆ ಬಂದವರು. ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಗೆ, ಫ್ರೇಮಿನ ಮೊಳೆ ಬಿದ್ದುಹೋಗಿದೆ ಎಂದು, ರೆಕ್ಕೆ ಮುರಿದ ಹಕ್ಕಿಮರಿಯನ್ನು ಹಿಡಿದಂತೆ ಎರಡು ಕೈಯಲ್ಲಿ ಕನ್ನಡಕ ಹಿಡಿದುಕೊಂಡು ಬಂದಿದ್ದರು. ಪಕ್ಕದ ಬೀದಿಯಲ್ಲಿ ಔಷಧಿ ಅಂಗಡಿ, ಹೆಂಡತಿ ಕಾಯಿಲೆಯಾಗಿ ಹೋಗಿ ಕೆಲವು ವರ್ಷ. ಇಷ್ಟು ಗೊತ್ತಾಗುವುದಕ್ಕೇ ಮೂರು ಸಲ ಮೊಳೆ ಬೀಳಬೇಕಾಯಿತು. ರಿಜಿಸ್ಟರ್ ಮದುವೆಯ ದಿನ ಅವಳ ಕಡೆಯಿಂದ ಸಾಕ್ಷಿ ಹಾಕಿದ್ದು ಅವನ ತಂಗಿಯೇ. ರುಜು ಹಾಕಿ ಹೊರಗೆ ಬಂದು, ಪೆನ್ನಿನ ಮುಚ್ಚಳ ತಿರುಗಿಸುತ್ತ, "ಅಣ್ಣ ಇದ್ದಿದ್ರೆ ನಗ್ತಿದ್ದ ಅತ್ತಿಗೆ" ಅಂದಳು ನಾದಿನಿ. ಹರಸಿದಳೋ ಚುಚ್ಚಿದಳೋ ಇವತ್ತಿಗೂ ಬಗೆಹರಿದಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ದಿನ ಊಟಕ್ಕೆ ಬಡಿಸುವಾಗ ಬಾಯಿ ಜಾರಿತು. "ನಿನಗೆ ಇನ್ನೊಂಚೂರು ಬೇಡ್ವಾ?" ನಿನಗೆ. ಇವರ ಕೈ ತುತ್ತಿನ ಸಮೇತ ಒಂದು ಕ್ಷಣ ನಿಂತಿತು. ಆಮೇಲೆ "ಸಾಕು" ಅಂದರು, ಮೆತ್ತಗೆ. ಆ ಏಕವಚನ ತಮಗೆ ಬಂದದ್ದಲ್ಲ ಎಂದು ಇವರಿಗೆ ಗೊತ್ತಾಗಿತ್ತು, ಗೊತ್ತಾಯಿತೆಂದು ಅವಳಿಗೂ ಗೊತ್ತಾಗಿತ್ತು. ತಟ್ಟೆಯಲ್ಲಿದ್ದದ್ದನ್ನು ಒಂದು ಅಗುಳೂ ಬಿಡದೆ ಉಂಡೆದ್ದರು. ಅವತ್ತಿನಿಂದ ಅವಳು ತನ್ನ ನಾಲಿಗೆಯನ್ನು ತಾನೇ ಕಾಯುತ್ತಾ ಬಂದಿದ್ದಾಳೆ, ಬೇರೆಯವರ ಮನೆಯ ಗಾಜಿನ ಸಾಮಾನನ್ನು ಕಾದಂತೆ.

ದೋಣಿಯ ವಿಷಯ ತೆಗೆದವರು ಇವರೇ. ಅಂಗಳದಲ್ಲಿ ಎರಡು ಮರದ ದಿಮ್ಮಿಗಳ ಮೇಲೆ ಬೋರಲು ಬಿದ್ದುಕೊಂಡಿದ್ದ ಅವನ ದೋಣಿ. ಅದರ ಹೊಟ್ಟೆಯ ಮೇಲೆ ಅವಳು ಎಷ್ಟೋ ವರ್ಷ ಬಟ್ಟೆ ಒಣಗಿಸಿದ್ದಳು. ಮಾರುವ ಯೋಚನೆ ಬರುತ್ತಿತ್ತು, ಕೊಳ್ಳುವವರು ಬಂದರೆ ತಲೆನೋವು ಬರುತ್ತಿತ್ತು. ಒಂದು ಸಂಜೆ ಇವರು ಅದರ ಸುತ್ತ ಒಂದು ಸುತ್ತು ಬಂದು, ಬೆನ್ನ ಹಿಂದೆ ಕೈಕಟ್ಟಿಕೊಂಡು, "ಇದನ್ನ ಮತ್ತೆ ನೀರಿಗಿಳಿಸೋಣ್ವಾ? ರಜೆ ದಿನ ಹೋಗಿ ಒಂದಿಷ್ಟು ಗಾಳ ಹಾಕ್ಕೊಂಡು ಬರಬಹುದು. ನಿನಗೂ ಖುಷಿಯಾಗುತ್ತೇನೋ" ಅಂದರು. ನಿನಗೂ ಖುಷಿಯಾಗುತ್ತೇನೋ. ಆ 'ಏನೋ'ದಲ್ಲಿ ಎಷ್ಟೊಂದು ತಯಾರಿ ಇತ್ತು, ಎಷ್ಟು ದಿನದಿಂದ ಬಾಯೊಳಗೆ ಇಟ್ಟುಕೊಂಡು ಅಡ್ಡಾಡಿದ ಮಾತೋ ಅದು. ಅವಳು "ನಿಮ್ಮಿಷ್ಟ" ಅಂದಳು. ಇವರು ಅದನ್ನು ಒಪ್ಪಿಗೆ ಎಂದೇ ತಿಳಿದರು, ಅಥವಾ ಹಾಗೆ ತಿಳಿಯಲು ನಿರ್ಧರಿಸಿದರು. ಭಾನುವಾರ ಭಾನುವಾರ ಕೂತು ಹಳೆಯ ಬಣ್ಣ ಕೆರೆದರು. ಬೆರಳುಗಳಿಗೆ ಗುಳ್ಳೆ ಬಂದಾಗ ತಮ್ಮ ಅಂಗಡಿಯದೇ ಮುಲಾಮು ಹಚ್ಚಿಕೊಂಡರು. ದೋಣಿ ಮಗುಚಿ ನೆಟ್ಟಗಾಯಿತು, ಹೊಸ ಬಣ್ಣ ಬಂತು. ಯಾರೋ ಮೀನುಗಾರರಿಂದ ಬಳಸಿದ ಬ್ಯಾಟರಿಯೊಂದನ್ನು ಕೊಂಡು ತಂದರು. ಇಂಜಿನ್ ಚಾಲೂ ಮಾಡಲು, ದೀಪಕ್ಕೆ, ನೀರಿನಡಿಯ ಮೀನು ತೋರಿಸುವ ಯಂತ್ರಕ್ಕೆ, ಎಲ್ಲಕ್ಕೂ ಅದೊಂದೇ ಬೇಕು. ಚಾರ್ಜರ್ ಮಾತ್ರ ಮನೆಯಲ್ಲೇ ಇತ್ತು. ಗ್ಯಾರೇಜಿನ ಅಟ್ಟದ ಮೇಲೆ, ಅವನು ಸುತ್ತಿಟ್ಟ ಗೋಣಿಯೊಳಗೆ.

ಬೂದು ಬಣ್ಣದ ಕಬ್ಬಿಣದ ಡಬ್ಬಿ. ಮುಂದೆ ಒಂದು ಮುಳ್ಳು, ಒಂದು ತಿರುಪು. ಬ್ಯಾಟರಿ ತುಂಬಿದರೆ ತಾನಾಗಿ ನಿಲ್ಲುವ ಬುದ್ಧಿ ಅದಕ್ಕಿಲ್ಲ. ಹಾಗಾಗಿ ಮನುಷ್ಯರು ಕಾಯಬೇಕು. ಅವನು ಗ್ಯಾರೇಜಿನ ಹೊಸ್ತಿಲಲ್ಲಿ ಅಂಗಳಕ್ಕೆ ಮುಖಮಾಡಿ ಕೂರುತ್ತಿದ್ದ, ಅವಳು ತರಕಾರಿಯೋ ಹೊಲಿಗೆಯೋ ಹಿಡಿದುಕೊಂಡು ಪಕ್ಕದಲ್ಲಿ. ಬೆನ್ನ ಹಿಂದೆ ಚಾರ್ಜರ್ ಗುಂಯ್ ಎನ್ನುತ್ತಿರುತ್ತಿತ್ತು. ಬಾಯಲ್ಲಿ ಸದಾ ಬೀಡಿಯಿಡುವ ಮನುಷ್ಯ ಆ ಹೊತ್ತಿನಲ್ಲಿ ಮಾತ್ರ ಬೆಂಕಿಪೊಟ್ಟಣವನ್ನು ಒಳಗೆ ದೇವರ ಪಟದ ಹಿಂದೆ ಇಟ್ಟು ಬರುತ್ತಿದ್ದ. "ಬ್ಯಾಟರಿ ಉಸಿರು ಬಿಡುತ್ತೆ ಕಣೇ. ಆ ಉಸಿರಿಗೆ ಒಂದು ಕಿಡಿ ತಾಗಿದ್ರೆ ಗ್ಯಾರೇಜೂ ಇಲ್ಲ, ನಾನೂ ಇಲ್ಲ, ನಿನ್ನ ಸೋರೆಕಾಯೂ ಇಲ್ಲ." ಬೀಡಿಯಿಲ್ಲದ ಬಾಯಿಗೆ ಏನಾದರೂ ಕೆಲಸ ಬೇಕಲ್ಲ, ಮಾತಾಡುತ್ತಿದ್ದ. ಅವರಿಬ್ಬರ ಸಂಸಾರದ ಮುಖ್ಯವಾದ ಮಾತುಗಳೆಲ್ಲ ನಡೆದದ್ದು ಆ ಹೊಸ್ತಿಲ ಮೇಲೆ. ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹೇಳಿದ ವಾರ ಬ್ಯಾಟರಿ ಅಷ್ಟೇನೂ ಇಳಿದಿರಲಿಲ್ಲ. ಆದರೂ ಅವನು ಅದನ್ನು ದೋಣಿಯಿಂದ ಬಿಚ್ಚಿ ಹೊತ್ತು ತಂದು ಚಾರ್ಜಿಗಿಟ್ಟ, ಹೊಸ್ತಿಲಲ್ಲಿ ಕೂತು "ಬಾ" ಅಂದ. ಅವನ ಅಂಗಿಗಳು ನೆನಪಾದವು. ಆಸಿಡ್ ಹನಿ ಬಿದ್ದದ್ದು ಆಗ ಕಾಣುವುದಿಲ್ಲ, ಒಗೆದು ಹಿಂಡುವಾಗ ಬಟ್ಟೆ ಅಲ್ಲಲ್ಲಿ ಜೀರ್ಣವಾಗಿ ತೂತು ಬೀಳುತ್ತದೆ. ಹೊಟ್ಟೆಯ ಮಟ್ಟದಲ್ಲಿ ತೂತುಗಳಿಲ್ಲದ ಒಂದೇ ಒಂದು ಅಂಗಿ ಅವನ ಬಳಿ ಇರಲಿಲ್ಲ. ನೆಂಟರ ಮನೆಗೆ ಹೊರಟರೆ ಅವಳು ಪರೀಕ್ಷೆ ಮಾಡಿ ಕಳಿಸಬೇಕಿತ್ತು. ಎಷ್ಟು ಜಗಳ ಅದಕ್ಕೆ. ಈಗ ಇವರ ಅಂಗಿಗಳನ್ನು ಒಗೆಯುವಾಗ ಎಲ್ಲೂ ಏನೂ ಇರುವುದಿಲ್ಲ, ಒಂದು ಶಾಯಿಯ ಕಲೆ ಕೂಡ. ಅಷ್ಟು ಚೊಕ್ಕ ಬಟ್ಟೆಯನ್ನು ಹಿಂಡುವಾಗ ಕೈಗೆ ಏನೋ ಕಳೆದುಕೊಂಡ ಹಾಗೆ.

ಬೆಳ್ಳುಳ್ಳಿ ಮುಗಿಯಿತು. ಕೈ ತೊಳೆದು, ಒರೆಸಿಕೊಂಡು, ಅಡುಗೆಮನೆಯಿಂದ ಗ್ಯಾರೇಜಿಗೆ ತೆರೆಯುವ ಬಾಗಿಲಲ್ಲಿ ಹೋಗಿ ನಿಂತಳು. ಒಳಗೆ ದೀಪ ಹಾಕಿಕೊಂಡಿದ್ದರು. ನೆಲದ ಮೇಲೆ ಹಲಗೆ, ಅದರ ಮೇಲೆ ಬ್ಯಾಟರಿ, ಪಕ್ಕದ ಸ್ಟೂಲಿನ ಮೇಲೆ ಚಾರ್ಜರ್. ಎಲ್ಲ ಅಚ್ಚುಕಟ್ಟಾಗಿತ್ತು. ಪ್ಲಸ್ಸಿಗೆ ಕೆಂಪು ಕ್ಲಿಪ್ಪು, ಮೈನಸ್ಸಿಗೆ ಕಪ್ಪು, ಎರಡೂ ಸರಿ. ಆಮೇಲೆ ಅವಳ ಕಣ್ಣು ಬ್ಯಾಟರಿಯ ಬಾಯಿಗಳ ಮೇಲೆ ಬಿತ್ತು. ಔಷಧಿ ಅಂಗಡಿಯಿಂದ ತಂದ ಡಿಸ್ಟಿಲ್ಡ್ ವಾಟರ್ ಬಾಟಲಿ ಖಾಲಿಯಾಗಿ ಪಕ್ಕದಲ್ಲಿತ್ತು. ಒಂದೊಂದು ಬಾಯಿಯಲ್ಲೂ ನೀರು ಕುತ್ತಿಗೆಯವರೆಗೆ ಬಂದು ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಚಾರ್ಜಿಗಿಡುವ ಮೊದಲು ಒಳಗಿನ ಫಲಕ ಮುಳುಗುವಷ್ಟು ಸಾಕು, ಮೇಲಕ್ಕೆ ತುಂಬುವುದು ಆಮೇಲೆ, ಕಾದಾಗ ಅದು ಉಕ್ಕುತ್ತದೆ. ತಿರುಪು ಜೋರಿನ ಕಡೆಗೆ ತಿರುಗಿತ್ತು. ಶಟರ್ ಕೆಳಗಿತ್ತು.

ಇವರು ತಿರುಗಿ ನೋಡಿ ನಕ್ಕರು. ಪರೀಕ್ಷೆ ಚೆನ್ನಾಗಿ ಬರೆದು ಬಂದವರ ನಗೆ.

"ಹೊರಗೆ ತುಂತುರು ಶುರುವಾಯ್ತು. ಗಾಳಿಗೆ ಒಳಗೇ ಹೊಡೀತಿತ್ತು. ನೀರು ಕರೆಂಟು ಎರಡೂ ಒಟ್ಟಿಗೆ ಬೇಡ ಅಂತ ಶಟರ್ ಹಾಕ್ಬಿಟ್ಟೆ."

"ಹೂಂ."

"ಜೋರಲ್ಲಿಟ್ಟಿದ್ದೀನಿ. ಸಾಯಂಕಾಲದೊಳಗೆ ತುಂಬಿದ್ರೆ ನಾಳೇನೇ ದೋಣಿಗೆ ಹಾಕಬಹುದು. ಸರಿಯಾಗಿದೆ ಅಲ್ವಾ?"

ಕೇಳಿಯೇಬಿಟ್ಟರು. ಇಷ್ಟು ಸಲೀಸಾಗಿ ಬಾಗಿಲು ಯಾವತ್ತೂ ತೆರೆದಿರಲಿಲ್ಲ. "ಚೆನ್ನಾಗಿದೆ" ಅಂದಳು ಅವಳು. ಅಂದು, ಒಲೆಯ ಮೇಲೆ ಏನೋ ಇದೆ ಎಂಬಂತೆ ಒಳಗೆ ಬಂದುಬಿಟ್ಟಳು. ಒಲೆಯ ಮೇಲೆ ಏನೂ ಇರಲಿಲ್ಲ.

ಕಿಟಕಿಯ ಹತ್ತಿರ ಕೂತಳು. ಹೊರಗೆ ಹೊಸ ಬಣ್ಣದ ದೋಣಿಯ ಮೇಲೆ ತುಂತುರು ಸಣ್ಣಗೆ ಕೂರುತ್ತಿತ್ತು. ಏನೂ ಆಗುವುದಿಲ್ಲ ಎಂದುಕೊಂಡಳು. ಅವನಿಗೆ ಎಲ್ಲದಕ್ಕೂ ಅತಿಯಾದ ಭಯ, ಅಷ್ಟೇ. ದೋಣಿ ಕಟ್ಟುವ ಜೆಟ್ಟಿಯಲ್ಲಿ ಕೂಡ ಹಾಗೇ ಮಾಡುತ್ತಿದ್ದ. ಅಲ್ಲಿ ದೋಣಿಗಳಿಗೆಂದು ಕಂಬ ನೆಟ್ಟು, ಕಂಬಕ್ಕೆ ಡಬ್ಬಿ ಬಡಿದು, ದಡದ ಕರೆಂಟು ಕೊಟ್ಟಿದ್ದರು. ಉಳಿದವರು ಬಂದು ಪ್ಲಗ್ಗು ಚುಚ್ಚಿ ಚಹಾ ಕುಡಿಯಲು ಹೋದರೆ ಅವನು ಮೊದಲು ಡಬ್ಬಿಯ ಬಾಗಿಲು ತೆಗೆದು, ಒಳಗೆ ತೇವವಿದೆಯೇ ಎಂದು ಮೂಗು ತೂರಿಸಿ ನೋಡಿ, ವೈರನ್ನು ಪ್ಲಗ್ಗಿಗಿಂತ ಕೆಳಗೆ ತೊಟ್ಟಿಲಿನಂತೆ ಒಂದು ಜೋಲಿ ಬಿಟ್ಟು, ಹನಿ ಇಳಿದರೆ ಅಲ್ಲಿಂದಲೇ ತೊಟ್ಟಿಕ್ಕಲಿ ಎಂದು ಕಟ್ಟುತ್ತಿದ್ದ. ಅವನ ಗೆಳೆಯರು "ಏನಪ್ಪ, ಮದುಮಗಳಿಗೆ ಜಡೆ ಹಾಕ್ತಿದ್ದೀಯಾ?" ಎಂದು ಕಿಚಾಯಿಸುತ್ತಿದ್ದರು. ಇಷ್ಟೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾದವನು, ಕಡಲಿನಲ್ಲಲ್ಲ, ಕರೆಂಟಿಗಲ್ಲ, ಕ್ಷೌರದಂಗಡಿಯ ಕುರ್ಚಿಯಲ್ಲಿ ಹೋದ. ಅರ್ಧ ಮುಖದಲ್ಲಿ ನೊರೆಯಿತ್ತು. ಕ್ಷೌರಿಕ ಆ ಗಡಿಬಿಡಿಯಲ್ಲೂ ಉಳಿದರ್ಧವನ್ನು ಬೋಳಿಸಿ, ಮುಖ ಒರೆಸಿ, ತಲೆ ಬಾಚಿ ಕಳಿಸಿದ್ದ. ಅವಳು ನೋಡಿದಾಗ ಅವನು ಯಾವುದೋ ಸಮಾರಂಭಕ್ಕೆ ಹೊರಟವನಂತಿದ್ದ. ಅವತ್ತು ಆ ಕ್ಷೌರಿಕನಿಗೆ ಅವಳು ಒಂದು ಒಳ್ಳೆಯ ಮಾತೂ ಹೇಳಲಿಲ್ಲ. ಎಷ್ಟೋ ತಿಂಗಳಾದ ಮೇಲೆ ರಸ್ತೆಯಲ್ಲಿ ಎದುರು ಸಿಕ್ಕಾಗ ಅವನೇ ತಪ್ಪು ಮಾಡಿದವನಂತೆ ತಲೆ ತಗ್ಗಿಸಿ ಹೋದ. ಕೂಗಿ ನಿಲ್ಲಿಸಬೇಕಿತ್ತು. ಹೇಳಬೇಕಾದದ್ದನ್ನು ಹೇಳಬೇಕಾದ ಹೊತ್ತಿಗೆ ಹೇಳದೆ ಇರುವುದು ತನಗೆ ಹುಟ್ಟಿನಿಂದ ಬಂದದ್ದೋ, ಅಭ್ಯಾಸವಾದದ್ದೋ.

ನಡುವೆ ಒಂದು ಸಲ ಎದ್ದಳು. ಅನ್ನಕ್ಕೆ ಅಕ್ಕಿ ಅಳೆದಳು. ಇವರು ಗ್ಯಾರೇಜಿನಿಂದ ಬಂದು ಪೇಪರಿನ ಅರ್ಧ ಹಾಳೆ ತೆಗೆದುಕೊಂಡು ಮತ್ತೆ ಅಲ್ಲಿಗೇ ಹೋದರು, ಮುಚ್ಚಿದ ಶಟರಿನೊಳಗೆ, ಬ್ಯಾಟರಿಯ ಪಕ್ಕಕ್ಕೆ. ಕಾಯಬೇಕು ಎಂಬುದಷ್ಟು ಗೊತ್ತಿದೆ ಪಾಪ. ಅವಳು ಅಕ್ಕಿ ತೊಳೆದ ನೀರು ಚೆಲ್ಲುವಾಗ ವಾಸನೆ ಮೂಗಿಗೆ ಬಡಿಯಿತು.

ಕೊಳೆತ ಮೊಟ್ಟೆಯ ವಾಸನೆ. ಆ ವಾಸನೆ ಈ ಮನೆಯಲ್ಲಿ ಹಿಂದೆ ಒಂದೇ ಒಂದು ಸಲ ಬಂದಿತ್ತು, ಆಗ ಅವನು ಅವಳನ್ನು ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋಗಿದ್ದ. ಪಾತ್ರೆ ಅಲ್ಲೇ ಬಿಟ್ಟು ಓಡಿದಳು. ಬ್ಯಾಟರಿಯ ಬಾಯಿಗಳಿಂದ ನೀರು ಕೊತಕೊತ ಉಕ್ಕಿ ಹಲಗೆಯ ಮೇಲೆ ಹರಿದಿತ್ತು, ಡಬ್ಬಿಯ ಪಕ್ಕಗಳು ಉಬ್ಬಿಕೊಂಡಿದ್ದವು, ಒಳಗಿಂದ ಸುಯ್ ಎಂಬ ಸದ್ದು. ಇವರು ಗಾಬರಿಯಲ್ಲಿ ಕೈಗೆ ಟವೆಲು ಸುತ್ತಿಕೊಂಡು ಕೆಂಪು ಕ್ಲಿಪ್ಪು ಕೀಳಲು ಬಗ್ಗಿದ್ದರು. ಕನ್ನಡಕ ಮೂಗಿನ ತುದಿಗೆ ಇಳಿದಿತ್ತು.

"ಮುಟ್ಟಬೇಡ! ಬಿಡು ಅದನ್ನ. ಹೊರಗೆ ಬಾ."

ತನ್ನ ಬಾಯಿಂದ ಹೊರಟ ದನಿಗೆ ತಾನೇ ಬೆಚ್ಚಿದಳು. ಇವರು ಹಾಗೇ ಬಗ್ಗಿದಲ್ಲೇ ನಿಂತರು. ಅವಳು ಹಜಾರಕ್ಕೆ ಓಡಿ, ಮೀಟರಿನ ಕೆಳಗಿದ್ದ ಮೇನ್ ಸ್ವಿಚ್ಚನ್ನು ಎರಡು ಕೈಯಿಂದ ಕೆಳಕ್ಕೆಳೆದಳು. ಗ್ಯಾರೇಜಿನ ಗೋಡೆಯ ಸ್ವಿಚ್ಚೂ ಅದೇ ಗಾಳಿಯಲ್ಲಿದೆ, ಅದನ್ನೂ ಮುಟ್ಟುವ ಹಾಗಿಲ್ಲ. ಇಡೀ ಮನೆ ಒಮ್ಮೆಗೇ ಮೂಕವಾಯಿತು. ಫ್ರಿಜ್ಜು, ಫ್ಯಾನು, ಚಾರ್ಜರಿನ ಗುಂಯ್, ಎಲ್ಲ. ಹಿಂದಿನ ಬಾಗಿಲಿನಿಂದ ಇವರ ಕೈ ಹಿಡಿದು ಅಂಗಳಕ್ಕೆ ಕರೆತಂದು, ಹೊರಗಿನಿಂದ ಶಟರನ್ನು ಎತ್ತಲು ಹೋದರೆ ಚಿಲಕ ಒಳಗಿತ್ತು. ಅವಳು ಮೂಗಿಗೆ ಸೆರಗು ಒತ್ತಿಕೊಂಡು ಮತ್ತೆ ಒಳಗೆ ಹೋದಳು. ಇವರು ಹಿಂದೆಯೇ ಬಂದರು, ಬೇಡವೆಂದರೂ ಬಂದರು. ಚಿಲಕ ಅವಳು ತೆಗೆದಳು, ಶಟರ್ ಇಬ್ಬರೂ ಸೇರಿ ಎತ್ತಿದರು. ಆಮೇಲೆ ದೋಣಿಯ ಆಚೆ ಬದಿಗೆ ಹೋಗಿ ತುಂತುರಿನಲ್ಲಿ ನಿಂತರು.

"ಕಿತ್ತಿದ್ರೆ ಏನಾಗ್ತಿತ್ತು?" ಇವರು ಕೇಳಿದರು.

"ಕಿಡಿ ಬರ್ತಿತ್ತು. ಒಳಗೆಲ್ಲ ಅದರ ಗ್ಯಾಸು ತುಂಬಿತ್ತು. ಬ್ಯಾಟರಿ ಸಿಡಿದು ಆಸಿಡ್ ಮುಖಕ್ಕೆ ಹಾರ್ತಿತ್ತು. ಮೊದಲು ಕರೆಂಟು ತೆಗೀಬೇಕು, ಆಮೇಲೆ ಕ್ಲಿಪ್ಪು."

"ನಿನಗೆ ಗೊತ್ತಿತ್ತಾ ಇದು?"

"ಗೊತ್ತಿತ್ತು."

"ಶಟರ್ ಹಾಕಿದಾಗ್ಲೇ?"

"ಹಾಕಿದಾಗ್ಲೇ."

ಇವರು ಕನ್ನಡಕ ತೆಗೆದು ಒದ್ದೆ ಅಂಗಿಯ ತುದಿಯಲ್ಲಿ ಒರೆಸಿದರು. ಒರೆಸಿದಷ್ಟೂ ಅದು ಮಸುಕಾಯಿತು. ಬರಿಗಣ್ಣಿನಲ್ಲಿ ಇವರ ಮುಖವನ್ನು ಅವಳು ಹಗಲಿನಲ್ಲಿ ಸರಿಯಾಗಿ ನೋಡಿರಲೇ ಇಲ್ಲ. ಕಣ್ಣಿನ ಕೆಳಗೆ ಎಷ್ಟು ತೆಳು ಚರ್ಮ. ಅಲ್ಲಿಗೇ ಹಾರುತ್ತಿತ್ತು ಅದು. ಇವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಗೇಟು ತೆಗೆದು, ಕೊಡೆಯಿಲ್ಲದೆ, ಮನೆಯ ಚಪ್ಪಲಿಯಲ್ಲೇ ರಸ್ತೆಗಿಳಿದು ಹೋಗಿಬಿಟ್ಟರು.

ವಾಸನೆ ಪೂರ್ತಿ ಕಳೆಯುವವರೆಗೆ ಅವಳು ಹೊರಗೇ ಇದ್ದಳು. ಆಮೇಲೆ ಒಳಗೆ ಹೋಗಿ ಚೆಲ್ಲಿದ ಆಸಿಡ್ ಮೇಲೆ ಅಡುಗೆಸೋಡಾ ಸುರಿದಳು. ಅದು ಬುಸ್ಸೆಂದು ನೊರೆಯೆದ್ದು ತಣ್ಣಗಾಯಿತು. ರಬ್ಬರ್ ಕೈಗವಸು ಹಾಕಿಕೊಂಡು, ಕಪ್ಪು ಕ್ಲಿಪ್ಪು ಬಿಡಿಸಿ, ಕೆಂಪು ಬಿಡಿಸಿ, ನೆಲ ತೊಳೆದಳು. ಕೈಗಳು ಎಲ್ಲವನ್ನೂ ತಾವಾಗಿ ಮಾಡುತ್ತಿದ್ದವು. ಮನಸ್ಸು ಮಾತ್ರ ಆ ಬಾಗಿಲಲ್ಲೇ ನಿಂತಿತ್ತು, ಸರಿಯಾಗಿದೆ ಅಲ್ವಾ ಎಂದು ಇವರು ಕೇಳಿದ ಜಾಗದಲ್ಲಿ. ಸಂಕೋಚಕ್ಕೆ ಹೇಳಲಿಲ್ಲ, ಇವರ ಮನಸ್ಸು ನೋಯಬಾರದೆಂದು ಹೇಳಲಿಲ್ಲ, ಇದೆಲ್ಲ ನಿಜ. ಆದರೆ ಅಷ್ಟೇ ನಿಜವಲ್ಲ. ಇವರು ತಪ್ಪಲಿ ಎಂದು ಅವಳೊಳಗೆ ಯಾರೋ ಕಾದು ಕೂತಿದ್ದರು. ಮದುವೆಯಾದಾಗಿನಿಂದ. ಇವರು ಮೊಳೆ ಹೊಡೆಯಲು ಹೋಗಿ ಗೋಡೆಯ ಗಾರೆ ಉದುರಿಸಿದಾಗ, ನಲ್ಲಿ ಸರಿಮಾಡಲು ಹೋಗಿ ಮನೆಯೆಲ್ಲ ನೀರು ಮಾಡಿದಾಗ, ಅವಳು ಬಟ್ಟೆ ತಂದು ಒರೆಸಿದ್ದಳು, ಪರವಾಗಿಲ್ಲ ಬಿಡಿ ಎಂದಿದ್ದಳು, ಒಳಗೊಳಗೆ ಸತ್ತವನಿಗೆ ಒಂದೊಂದು ಅಂಕ ಕೊಟ್ಟಿದ್ದಳು. ಎಷ್ಟು ನಯವಾಗಿ, ಎಷ್ಟು ಗೌರವದಿಂದ. ಬದುಕಿರುವ ಮನುಷ್ಯನ ಮುಖ ಸುಟ್ಟುಹೋಗುವ ಹೊತ್ತಿನಲ್ಲೂ ಕಿಟಕಿಯ ಪಕ್ಕ ಕೂತು ಸತ್ತವನನ್ನೇ ನೆನೆಯುತ್ತಿದ್ದಳಲ್ಲ. ಅವಳು ಒದ್ದೆ ನೆಲದ ಮೇಲೆ ಹಾಗೇ ಕುಕ್ಕರಿಸಿದಳು. ಅಳು ಬರಲಿಲ್ಲ. ನಾಚಿಕೆಯಾಯಿತು, ಮೈಯೆಲ್ಲ ಕಾದುಬರುವಷ್ಟು.

ಇವರು ಬಂದಾಗ ಬೆಳಕು ಇಳಿಯುತ್ತಿತ್ತು. ಪೂರ್ತಿ ನೆನೆದಿದ್ದರು. ಅವಳು ಟವೆಲು ಕೊಟ್ಟಳು. ತಲೆ ಒರೆಸಿಕೊಳ್ಳುತ್ತ ಅಡುಗೆಮನೆಯ ಕುರ್ಚಿಯಲ್ಲಿ ಕೂತು, "ನನಗೆ ಸಿಟ್ಟು ಬಂದಿದೆ" ಅಂದರು. ಔಷಧಿ ಯಾವಾಗ ತೆಗೆದುಕೊಳ್ಳಬೇಕೆಂದು ಹೇಳುವ ದನಿಯಲ್ಲೇ ಅಂದರು. "ಇವತ್ತು ಹೋಗೋದಿಲ್ಲ ಅದು."

"ಬರಲಿ. ಬರಬೇಕಾದ್ದೇ."

"ಅವರ ವಿಷಯ ಮಾತಾಡಬೇಡ ಅಂತ ನಾನು ಯಾವತ್ತಾದ್ರೂ ಹೇಳಿದ್ದೀನಾ?"

"ಇಲ್ಲ." ಸ್ವಲ್ಪ ತಡೆದು ಅವಳು ಅಂದಳು, "ಕೇಳಿಯೂ ಇಲ್ಲ."

ಇವರು ಟವೆಲನ್ನು ಮಡಿಚಿದರು. ಬಿಚ್ಚಿದರು. ಮತ್ತೆ ಮಡಿಚಿದರು. "ಕೇಳೋಕೆ ಹೆದರಿಕೆ ಆಗ್ತಿತ್ತು. ಕೇಳಿದ್ರೆ ನೀನು ಹೇಳೋಕೆ ಶುರುಮಾಡ್ತೀಯ, ನಿಲ್ಲಿಸೋದೇ ಇಲ್ಲ ಅಂತ. ಹೇಳದೇ ಇದ್ರೆ ಅದೂ ಒಂಥರಾ. ಮನೇಲಿ ಮೂರು ಜನ ಇದ್ದೀವಿ, ಒಬ್ಬರ ಹೆಸರು ಎತ್ತೋ ಹಾಗಿಲ್ಲ. ಅಷ್ಟೆಲ್ಲ ಬಣ್ಣ ಕೆರೆದದ್ದು ಯಾಕೆ ಅಂದ್ಕೊಂಡೆ? ನನಗೇನು ಮೀನು ಹಿಡಿಯೋ ಹುಚ್ಚಾ? ನೀರು ಕಂಡ್ರೆ ತಲೆ ಸುತ್ತುತ್ತೆ ನನಗೆ."

ಇದು ಅವಳಿಗೆ ಗೊತ್ತಿರಲಿಲ್ಲ. ತಟ್ಟೆ ಹಾಕಿದಳು. ಸಿಟ್ಟು, ಹೇಳಿದ ಹಾಗೇ, ಅವತ್ತು ಹೋಗಲಿಲ್ಲ, ಮರುದಿನವೂ ಇತ್ತು. ವಿಚಿತ್ರವೆಂದರೆ ಅವಳಿಗೆ ಅದರಿಂದ ಹಗುರವಾಯಿತು. ಇವರು ಬಾಗಿಲನ್ನು ಸ್ವಲ್ಪ ಜೋರಾಗಿ ಹಾಕಿದರು, ಚಹಾದಲ್ಲಿ ಸಕ್ಕರೆ ಕಡಿಮೆ ಎಂದರು. ಮದುವೆಯಾಗಿ ಇಷ್ಟು ದಿನದಲ್ಲಿ ಸಕ್ಕರೆಯ ವಿಷಯ ಒಂದು ಸಲವೂ ಎತ್ತಿದವರಲ್ಲ. ಅವಳು ಎದ್ದು ಇನ್ನೊಂದು ಚಮಚ ಹಾಕಿದಳು. "ಮೊದಲಿನಿಂದ್ಲೂ ಕಡಿಮೇನೇ ಇತ್ತಾ?" ಎಂದು ಕೇಳಿದಳು. "ಮೊದಲಿನಿಂದ್ಲೂ" ಅಂದರು.

ಉಬ್ಬಿದ ಬ್ಯಾಟರಿಯನ್ನು ಗುಜರಿಯವನು ಒಯ್ದ. ಇವರು ಹೊಸದೊಂದನ್ನು ತಂದರು. ಗ್ಯಾರೇಜಿನಲ್ಲಿ ಬೇಡ, ದಡದಲ್ಲೇ ಚಾರ್ಜು ಮಾಡೋಣ ಎಂದರು. ದೋಣಿಯನ್ನು ಗಾಡಿಯ ಮೇಲೆ ಏರಿಸಿ ಜೆಟ್ಟಿಗೆ ಸಾಗಿಸಿ ನೀರಿಗಿಳಿಸಿದ್ದು ಒಂದು ಬಿಸಿಲಿನ ಬೆಳಿಗ್ಗೆ. ಜೆಟ್ಟಿ ಬದಲಾಗಿತ್ತು. ಮರದ ಕಂಬಗಳ ಜಾಗದಲ್ಲಿ ಕಬ್ಬಿಣದವು ಬಂದಿದ್ದವು, ಡಬ್ಬಿಗಳಿಗೆ ಹಸಿರು ಬಣ್ಣ. ಕಿಚಾಯಿಸುತ್ತಿದ್ದ ಗೆಳೆಯರಲ್ಲಿ ಒಬ್ಬನೂ ಕಾಣಲಿಲ್ಲ. ಬಲೆ ಒಣಗಿಸುತ್ತಿದ್ದ ಹೊಸಬರು ಅವಳನ್ನು ಯಾರೋ ಎಂಬಂತೆ ನೋಡಿ ತಮ್ಮ ಕೆಲಸಕ್ಕೆ ತಿರುಗಿದರು. ಯಾರಾದರೂ ಗುರುತು ಹಿಡಿದು ಮಾತಾಡಿಸಿಯಾರೆಂದು ಮನೆಯಿಂದ ಹೊರಡುವಾಗ ಎಷ್ಟು ಹೆದರಿದ್ದಳು. ಈಗ ಯಾರೂ ಮಾತಾಡಿಸದಿದ್ದಾಗ ತಾನೇ ಒಂದೊಂದು ಮುಖವನ್ನೂ ಹುಡುಕಿ ನೋಡಿದಳು.

"ಹೇಳು" ಅಂದರು ಇವರು. ಪ್ಯಾಂಟನ್ನು ಮೊಣಕಾಲವರೆಗೆ ಮಡಿಚಿಕೊಂಡು, ರಬ್ಬರ್ ಕೈಗವಸು ಹಾಕಿಕೊಂಡು, ತೂಗುವ ದೋಣಿಯಲ್ಲಿ ಒಂದು ಹಲಗೆಯನ್ನು ಭದ್ರವಾಗಿ ಹಿಡಿದು ನಿಂತಿದ್ದರು. ಮುಖ ಸ್ವಲ್ಪ ಬಿಳಿಚಿತ್ತು. "ಅವರು ಹೇಗೆ ಮಾಡ್ತಿದ್ರೋ ಹಾಗೇ ಹೇಳು. ಒಂದೂ ಬಿಡಬೇಡ."

ಅವಳು ಹೇಳತೊಡಗಿದಳು. ಬ್ಯಾಟರಿಯ ಮೇಲಿನ ಹಲಗೆ ಪೂರ್ತಿ ತೆಗೆದುಬಿಡಿ, ಗಾಳಿಯಾಡಲಿ. ಚಾರ್ಜರ್ ದೋಣಿಯಲ್ಲಿ ಬೇಡ, ದಡದ ಮೇಲೆ ಒಣಜಾಗದಲ್ಲಿರಲಿ. ಡಬ್ಬಿಯೊಳಗೆ ತೇವ ಇದೆಯಾ ನೋಡಿ. ಸ್ವಿಚ್ಚು ಆಫ್ ಇದೆ ತಾನೇ? ಈಗ ಕೆಂಪು. ಅಲುಗಾಡಿಸಿ ನೋಡಿ, ಬಿಗಿಯಾಗಿರಬೇಕು. ಈಗ ಕಪ್ಪು. ಪ್ಲಗ್ಗು. ವೈರು ನೀರಿಗೆ ತಾಗಬಾರದು, ಅಲ್ಲೊಂದು ಜೋಲಿ ಬಿಡಿ. ಈಗ ಸ್ವಿಚ್ಚು. ಹೇಳುತ್ತ ಹೇಳುತ್ತ ಅವಳಿಗೆ ಏನೋ ತಪ್ಪಿಹೋಗುತ್ತಿದೆ ಎನ್ನಿಸತೊಡಗಿತು. ಮಾತುಗಳೆಲ್ಲ ಇದ್ದವು, ಒಂದೂ ಬಿಟ್ಟಿರಲಿಲ್ಲ. ದನಿ ಇರಲಿಲ್ಲ. ಈ ಮಾತನ್ನು ಅವನು ಹೇಗೆ ಹೇಳುತ್ತಿದ್ದ? ಗಟ್ಟಿಯಾಗಿಯೋ, ಗೊಣಗುತ್ತಲೋ, 'ಕೆಂಪು' ಎನ್ನುವಾಗ ಎಲ್ಲಿ ಒತ್ತುತ್ತಿದ್ದ? ಅಂಗಿಯ ತೂತುಗಳು ಕಂಡವು, ಹೊಸ್ತಿಲಲ್ಲಿ ಚಾಚಿದ ಕಾಲುಗಳು ಕಂಡವು. ಬಾಯಿ ಆಡುತ್ತಿದ್ದದ್ದು ಕಾಣುತ್ತಿತ್ತು, ಗಾಜಿನ ಆಚೆ ಮಾತಾಡುವವನಂತೆ. ಕೇಳಿಸುತ್ತಿದ್ದದ್ದು ಅವಳ ದನಿಯೊಂದೇ. ಯಾವಾಗ ಹೋಯಿತು ಅದು? ಅಷ್ಟು ಬೀಗ ಹಾಕಿ ಕಾದಿದ್ದಳಲ್ಲ ಒಳಗೆ. ಅವಳು ಚಾರ್ಜರಿನ ಮುಳ್ಳು ನೋಡುವ ನೆಪದಲ್ಲಿ ಬಗ್ಗಿ ಬಹಳ ಹೊತ್ತು ಹಾಗೇ ಇದ್ದಳು.

"ಆಮೇಲೆ?" ಎಂದರು ಇವರು.

"ಆಮೇಲೆ ಏನಿಲ್ಲ. ಕೂತಿರೋದು."

ಇವರು ದೋಣಿಯಿಂದ ದಡಕ್ಕೆ ಹತ್ತಿದರು. ಇಬ್ಬರೂ ಜೆಟ್ಟಿಯ ಅಂಚಿನಲ್ಲಿ ಕೂತರು. ಬೆನ್ನ ಹಿಂದೆ ಚಾರ್ಜರ್ ಗುಂಯ್ ಎನ್ನುತ್ತಿತ್ತು, ಕೆಳಗೆ ನೀರು ಕಂಬಕ್ಕೆ ಬಡಿಯುತ್ತಿತ್ತು. ಅವಳು ಕೇಳಿದಳು, "ಅವರು ಹೇಗಿದ್ರು? ನಿಮ್ಮನೆಯವರು."

ಇವರು ನೀರಿನ ಕಡೆ ನೋಡಬಾರದೆಂದು ಆಕಾಶ ನೋಡುತ್ತಿದ್ದರು. "ನಗೋಳು" ಅಂದರು ಕೊನೆಗೆ. "ನನ್ನ ನೋಡಿ ನಗೋಳು. ನಾನು ಏನು ಮಾಡಿದ್ರೂ. ಅಂಗಡಿಗೆ ಹೊರಟ್ರೆ ಬಾಗಿಲಿನವರೆಗೆ ನನ್ನ ನಡಿಗೆ ನಡೆದು ತೋರಿಸೋಳು. ಆಗೆಲ್ಲ ಎಷ್ಟು ಉರೀತಿತ್ತು ನನಗೆ. ಆಸ್ಪತ್ರೇಲಿ ಕೊನೆಕೊನೆಗೆ ಮಾತಾಡೋಕೆ ಆಗ್ತಿರಲಿಲ್ಲ. ನಾನು ಮಾತ್ರೆನ ಎರಡು ಸಲ ಎಣಿಸಿ ಕೊಡೋದು ನೋಡಿ ಕಣ್ಣಲ್ಲೇ ನಗ್ತಿದ್ಲು." ಕನ್ನಡಕ ಸರಿಮಾಡಿಕೊಂಡರು. "ನೀನು ನಗೋದೇ ಇಲ್ಲ. ಗಾರೆ ಬೀಳಿಸಿದ್ರೂ ಪರವಾಗಿಲ್ಲ ಬಿಡಿ ಅಂತೀಯ. ಪರವಾಗಿಲ್ಲ ಬಿಡಿ ಅಂದಾಗೆಲ್ಲ ನನಗೆ ಯಾರದೋ ಮನೇಲಿ ಇದ್ದೀನಿ ಅನ್ಸುತ್ತೆ."

ಅವಳಿಗೆ ಇವರ ಕೈಯ ಮೇಲೆ ಕೈಯಿಡಬೇಕೆನ್ನಿಸಿತು, ಇಡುವಷ್ಟರಲ್ಲಿ ಇವರು ಎದ್ದಿದ್ದರು. ಮಾತಾಡಿ ಹೆಚ್ಚಾಯಿತೇನೋ ಎಂಬ ಸಂಕೋಚದಲ್ಲಿ ಕೈಗೊಂದು ಕೆಲಸ ಹುಡುಕುತ್ತಿದ್ದರು. ಕಂಬದಿಂದ ಚಾರ್ಜರಿನವರೆಗೆ ಸಡಿಲವಾಗಿ ಬಿದ್ದಿದ್ದ ಉದ್ದನೆಯ ವೈರ್ ಕಣ್ಣಿಗೆ ಬಿತ್ತು. ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ನಡುವಿನ ಹೆಚ್ಚಿನ ಭಾಗವನ್ನೆತ್ತಿ, ಎಡಗೈ ಬೆರಳುಗಳ ಮೇಲೆ, ಒಂದು ಸುತ್ತಿನ ಪಕ್ಕ ಇನ್ನೊಂದು ಸುತ್ತು ಕೂರುವಂತೆ, ಅಂಚು ಸಮಮಾಡಿ, ಹೆಬ್ಬೆರಳಿನಿಂದ ಮೆತ್ತಗೆ ಒತ್ತಿ, ಬಿಗಿಯಾಗಿ ಸುತ್ತತೊಡಗಿದರು. ಮೂರು ಸುತ್ತಾಯಿತು, ನಾಲ್ಕಾಯಿತು. ನಾಲಿಗೆಯ ತುದಿ ಹೊರಗೆ ಬಂದಿತ್ತು. ಅವಳು ನೋಡುತ್ತಿದ್ದಳು. ಕರೆಂಟು ಹರಿಯುವ ವೈರನ್ನು ಹಾಗೆ ಸುರುಳಿ ಮಾಡಿಟ್ಟರೆ ಒಳಗೇ ಕಾವು ಸೇರಿ ಸುಡುತ್ತದೆ, ಉದ್ದಕ್ಕೆ ಬಿಟ್ಟಿರಬೇಕು. ಅದನ್ನು ಹೇಳಲೆಂದೇ ಬಾಯಿ ತೆರೆದಳು.

"ಅಲ್ರೀ, ಅದೇನು ಕಾಲು ಮುರಿದಿದ್ಯಾ, ಬ್ಯಾಂಡೇಜ್ ಸುತ್ತೋಕೆ?"

ಅಂದದ್ದೇ ತಡ, ನಗು ಬಂತು. ತಡೆಯಲು ಸೆರಗು ಬಾಯಿಗೆ ತಂದರೂ ನಿಲ್ಲಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಲೆ ಒಣಗಿಸುತ್ತಿದ್ದವರು ತಿರುಗಿ ನೋಡಿದರು. ಇವರು ಕೈಯಲ್ಲಿದ್ದ ಅಚ್ಚುಕಟ್ಟಾದ ಸುರುಳಿಯನ್ನು ನೋಡಿದರು, ಅವಳನ್ನು ನೋಡಿದರು. ಕಿವಿಗಳು ಕೆಂಪಾದವು. ಆಮೇಲೆ ಮುಖದ ಮೇಲೆ ಏನೋ ಬಿಗಿ ಸಡಿಲವಾಗಿ, "ಮತ್ತೆ ಏನು ಮಾಡ್ಲಿ ಇದನ್ನ?" ಅಂದರು. ಆ ದನಿಯಲ್ಲಿ ಸ್ವಲ್ಪವೂ ನೋವಿರಲಿಲ್ಲ.

"ಬಿಚ್ಚಿ, ಉದ್ದಕ್ಕೆ ಹಾಸಿ. ಸುತ್ತಿಟ್ರೆ ಕಾದುಹೋಗುತ್ತೆ."

ಅವಳು ನಗುತ್ತಲೇ ಹೇಳಿದಳು. ಬ್ಯಾಂಡೇಜಿನ ಮಾತು ಅವನು ಹೇಳಿದ್ದಲ್ಲ, ಅವನಿಗೆ ಅದು ಹೊಳೆಯುತ್ತಲೂ ಇರಲಿಲ್ಲ ಎಂದು ಆಗ ತೋರಿತು. ಇವರು ಒಂದೊಂದೇ ಸುತ್ತು ಬಿಚ್ಚುತ್ತ, ಹಲಗೆಗಳ ಮೇಲೆ ವೈರನ್ನು ಹಾಸುತ್ತ ಬೆನ್ನು ಬಗ್ಗಿಸಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ ಹೋದರು. ಜೆಟ್ಟಿಯ ಅಂಚು ಹತ್ತಿರವಾಗುತ್ತಿತ್ತು. "ಹಿಂದೆ ನೋಡ್ಕೊಳ್ಳಿ" ಎಂದು ಅವಳು ತಕ್ಷಣ ಕೂಗಿದಳು.